ಮೊಬೈಲ್ ಕಿರುಚಿದಾಗ, ಮೈಕ್ ಕೂಗಿದಾಗ: ಸರ್ಕಾರದ ಎಚ್ಚರಿಕೆ ನಿಮ್ಮ ಮನೆವರೆಗೂ ಬರಬೇಕಾದರೆ ಮಾಡಿಕೊಳ್ಳಬೇಕಾದ ತಯಾರಿ

ಮಳೆಗಾಲ ಹತ್ತಿರ ಬಂತೆಂದರೆ ದಾವಣಗೆರೆ, ಚಿತ್ರದುರ್ಗ ಕಡೆಯ ಓದುಗರಿಂದ ಇದೇ ಪ್ರಶ್ನೆಗಳು ಬರುತ್ತವೆ. ಮೊಬೈಲ್‌ಗೆ ಬರುವ ಆ ಕಿವಿ ತೂತು ಬೀಳುವಂಥ ಸದ್ದು ನಿಜವಾ, ಮೋಸವಾ? ಮನೆಯವರ ಫೋನಿಗೆ ಬಂತು, ನನ್ನದಕ್ಕೆ ಯಾಕೆ ಬರಲಿಲ್ಲ? ಆರೆಂಜ್ ಅಲರ್ಟ್ ಅಂದರು, ಒಂದು ಹನಿಯೂ ಬೀಳಲಿಲ್ಲ, ಇದನ್ನೆಲ್ಲ ನಂಬಬೇಕಾ? 2025ರ ಮೇ ತಿಂಗಳ ನಂತರ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. ಸೈರನ್ ಊದಿದರೆ ಎಲ್ಲಿಗೆ ಓಡಬೇಕು?

ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಹಂತ ಹಂತವಾಗಿ ಹಾಕಿದ್ದೇನೆ. ಒಂದು ಭಾನುವಾರ ಬೆಳಿಗ್ಗೆ ಕೂತರೆ ಇದರಲ್ಲಿ ಮುಕ್ಕಾಲು ಪಾಲು ಕೆಲಸ ಮುಗಿಯುತ್ತದೆ. ಬೇಕಾಗುವುದು ಮನೆಯವರೆಲ್ಲರ ಮೊಬೈಲ್, ಒಂದು ದಪ್ಪ ಹಾಳೆ, ಮಾರ್ಕರ್ ಪೆನ್ನು, ಶೆಲ್ ಹಾಕುವ ಒಂದು ಸಣ್ಣ ರೇಡಿಯೋ.

ಶುರು ಮಾಡುವ ಮೊದಲು: ಎಚ್ಚರಿಕೆ ಹೊರಡುವುದು ಎಲ್ಲಿಂದ?

ಇದು ಗೊತ್ತಿದ್ದರೆ ಮುಂದಿನದು ಸುಲಭ. ಮಳೆ, ಗಾಳಿ, ಸಿಡಿಲಿನ ಮುನ್ಸೂಚನೆ ಕೊಡುವುದು ಭಾರತೀಯ ಹವಾಮಾನ ಇಲಾಖೆ. ಹೊಳೆ ಏರುವುದರ ಮುನ್ಸೂಚನೆ ಕೇಂದ್ರ ಜಲ ಆಯೋಗದ್ದು. ನಮ್ಮ ರಾಜ್ಯದಲ್ಲಿ ಇವುಗಳ ಜೊತೆಗೆ ಬೆಂಗಳೂರಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟು, 15 ನಿಮಿಷಕ್ಕೊಮ್ಮೆ ಲೆಕ್ಕ ತರಿಸಿಕೊಳ್ಳುವುದು ಇದೇ ಕೇಂದ್ರ. ಇವರು ಕೊಟ್ಟ ಮಾಹಿತಿ ರಾಜ್ಯದ ಮತ್ತು ಜಿಲ್ಲೆಯ ವಿಪತ್ತು ನಿರ್ವಹಣಾ ಪ್ರಾಧಿಕಾರಗಳಿಗೆ ಬರುತ್ತದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಜನರಿಗೆ ಮುಂಚಿತವಾಗಿ ಎಚ್ಚರಿಕೆ ತಲುಪಿಸುವ ವ್ಯವಸ್ಥೆ ಇಟ್ಟುಕೊಳ್ಳುವುದು, ಅದನ್ನು ಸುಧಾರಿಸುತ್ತಾ ಹೋಗುವುದು ಆ ಪ್ರಾಧಿಕಾರದ ಕೆಲಸ ಎಂದು ಕಾಯ್ದೆಯಲ್ಲೇ ಬರೆದಿದೆ.

ಅಲ್ಲಿಂದ ನಿಮ್ಮವರೆಗೆ ದಾರಿ ಹಲವು. ಮೊಬೈಲ್ ಟವರ್, ಎಸ್‌ಎಂಎಸ್, ರೇಡಿಯೋ, ಟಿವಿ, ತಹಶೀಲ್ದಾರ್ ಕಚೇರಿಯಿಂದ ಗ್ರಾಮ ಆಡಳಿತ ಅಧಿಕಾರಿ, ಪಿಡಿಒ, ಕೊನೆಗೆ ಊರಲ್ಲಿ ಡಂಗುರ ಅಥವಾ ಕಸದ ಗಾಡಿಯ ಮೈಕ್. ನನ್ನ ಅನುಭವದಲ್ಲಿ ಮೇಲಿನ ಕೊಂಡಿಗಳು ಈಗ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಕಡಿಯುವುದು ಕೊನೆಯ ಐನೂರು ಮೀಟರಿನಲ್ಲಿ. ಟವರ್‌ವರೆಗೆ ಬಂದ ಸುದ್ದಿ ತೋಟದ ಮನೆಯ ಅಜ್ಜನಿಗೆ ಹೋಗುವುದಿಲ್ಲ. ಈ ಲೇಖನದ ಹೆಚ್ಚಿನ ಪಾಲು ಆ ಐನೂರು ಮೀಟರಿನದ್ದೇ.

ಹಂತ 1: ಫೋನಿನಲ್ಲಿ ತುರ್ತು ಎಚ್ಚರಿಕೆ ಆನ್ ಇದೆಯಾ ನೋಡಿ

2023ರ ಅಕ್ಟೋಬರ್ 12, ಗುರುವಾರ ಮಧ್ಯಾಹ್ನದ ಹೊತ್ತಿಗೆ ರಾಜ್ಯದಲ್ಲಿ ಫೋನುಗಳು ಒಟ್ಟಿಗೆ ಕಿರುಚಿದ್ದು ನೆನಪಿದೆಯಲ್ವಾ? ಅದು ಕೇಂದ್ರ ದೂರಸಂಪರ್ಕ ಇಲಾಖೆ ಮತ್ತು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಸೇರಿ ಮಾಡಿದ ಪರೀಕ್ಷೆ. ನಮ್ಮ ಪಕ್ಕದ ಮನೆ ಅಜ್ಜಿ ಫೋನ್ ಸಿಡಿಯುತ್ತದೆ ಎಂದು ಅಕ್ಕಿ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿ ಹಿಡಿದಿದ್ದರು. ಸದ್ದು ನಿಂತ ಮೇಲೂ ಅರ್ಧ ಗಂಟೆ ತೆಗೆಯಲು ಬಿಡಲಿಲ್ಲ.

ಈ ವಿಧಾನದ ಹೆಸರು ಸೆಲ್ ಬ್ರಾಡ್‌ಕಾಸ್ಟ್. ಎಸ್‌ಎಂಎಸ್ ಒಂದೊಂದು ನಂಬರಿಗೆ ಹೋಗುತ್ತದೆ. ಸೆಲ್ ಬ್ರಾಡ್‌ಕಾಸ್ಟ್ ಹಾಗಲ್ಲ, ಆ ಟವರಿನ ವ್ಯಾಪ್ತಿಯಲ್ಲಿ ಯಾರಿದ್ದಾರೋ ಅವರೆಲ್ಲರಿಗೂ ಒಂದೇ ಸಲ ಕೂಗಿದಂತೆ. ದೇವಸ್ಥಾನದ ಗಂಟೆ ಹೊಡೆದರೆ ಹತ್ತಿರ ಇದ್ದವರಿಗೆಲ್ಲ ಕೇಳುವುದಿಲ್ಲವೇ, ಹಾಗೆ. ನಿಮ್ಮ ನಂಬರ್ ಯಾರಿಗೂ ಗೊತ್ತಾಗಬೇಕಾಗಿಲ್ಲ. ಇಂಟರ್‌ನೆಟ್ ಬೇಡ. ಎಲ್ಲರೂ ಒಟ್ಟಿಗೆ ಫೋನ್ ಮಾಡಿ ನೆಟ್‌ವರ್ಕ್ ಜಾಮ್ ಆಗಿದ್ದರೂ ಇದು ಬರುತ್ತದೆ. ಅಮಾವಾಸ್ಯೆಗೆ ಉಕ್ಕಡಗಾತ್ರಿಗೆ ಬೇರೆ ಬೇರೆ ಜಿಲ್ಲೆಗಳಿಂದ ಜನ ಬರುತ್ತಾರೆ. ಅವತ್ತು ಹೊಳೆ ಏರಿದರೆ ಅವರ ನಂಬರ್‌ಗಳ ಪಟ್ಟಿ ಯಾರ ಬಳಿ ಇರುತ್ತದೆ ಹೇಳಿ? ಇಂಥ ಕಡೆಗೇ ಈ ವಿಧಾನ ಮಾಡಿರುವುದು.

ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು ಮೇಲಿನ ಹುಡುಕುವ ಜಾಗದಲ್ಲಿ 'ಎಮರ್ಜೆನ್ಸಿ ಅಲರ್ಟ್ಸ್' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. 'ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್' ಎಂಬುದು ಬರುತ್ತದೆ. ಅದರೊಳಗೆ ಹೋಗಿ ಎಲ್ಲವನ್ನೂ ಆನ್ ಮಾಡಿ, ಟೆಸ್ಟ್ ಅಲರ್ಟ್ ಕೂಡ. ಕಂಪನಿಯಿಂದ ಕಂಪನಿಗೆ ಮೆನು ಬೇರೆ ಇರುತ್ತದೆ, ಆದ್ದರಿಂದ ಹುಡುಕುವುದೇ ಸುಲಭ. ಐಫೋನ್ ಇದ್ದರೆ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್, ಅಲ್ಲಿಂದ ತೀರಾ ಕೆಳಗೆ ಸರಿಸಿ.

ಇಲ್ಲಿ ಆಗುವ ತಪ್ಪು: 2023ರ ಪರೀಕ್ಷೆಯ ಸದ್ದಿಗೆ ಹೆದರಿ ಎಷ್ಟೋ ಜನ ಅವತ್ತೇ ಇದನ್ನು ಆಫ್ ಮಾಡಿದ್ದಾರೆ. ಆಮೇಲೆ ಮರೆತಿದ್ದಾರೆ. ಅಪ್ಪ, ಅಮ್ಮನ ಫೋನ್ ಇಸಿದುಕೊಂಡು ನೀವೇ ನೋಡಿ. ಇನ್ನೊಂದು, ರಾತ್ರಿ ಮಲಗುವಾಗ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕುವ ಅಭ್ಯಾಸ. ಟವರ್ ಸಂಪರ್ಕವೇ ಇಲ್ಲದ ಫೋನಿಗೆ ಏನೂ ಬರುವುದಿಲ್ಲ. ನಿದ್ದೆಗೆ ತೊಂದರೆ ಅಂದರೆ ಸೈಲೆಂಟ್‌ಗೆ ಹಾಕಿ ಸಾಕು. ಗಂಭೀರ ಎಚ್ಚರಿಕೆ ಬಂದರೆ ಸೈಲೆಂಟ್‌ನಲ್ಲಿದ್ದರೂ ಕೂಗುವಂತೆ ಇದನ್ನು ಮಾಡಿರುತ್ತಾರೆ.

ಹಂತ 2: ಆ್ಯಪ್‌ಗಳು, ಆದರೆ ಎರಡು ಸಾಕು

ಹತ್ತು ಆ್ಯಪ್ ಹಾಕಿಕೊಂಡು ಒಂದನ್ನೂ ನೋಡದವರೇ ಜಾಸ್ತಿ. ನಾನು ಹೇಳುವುದು ಎರಡೇ.

ಒಂದು 'ಸಚೇತ್'. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ್ದು. ಬೇರೆ ಬೇರೆ ಇಲಾಖೆಗಳ ಎಚ್ಚರಿಕೆಯೆಲ್ಲ ಇದರಲ್ಲಿ ಒಂದೇ ಕಡೆ ಸಿಗುತ್ತದೆ. ನೀವಿರುವ ಜಾಗದ ಜೊತೆಗೆ ಬೇರೆ ಜಿಲ್ಲೆಯನ್ನೂ ಸೇರಿಸಿಕೊಳ್ಳಬಹುದು. ಹೊನ್ನಾಳಿ, ನ್ಯಾಮತಿ, ಹರಿಹರದವರು ದಯವಿಟ್ಟು ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳನ್ನು ಸೇರಿಸಿಕೊಳ್ಳಿ. ಯಾಕೆಂದು ಹಂತ 5ರಲ್ಲಿ ಹೇಳುತ್ತೇನೆ.

ಇನ್ನೊಂದು 'ದಾಮಿನಿ'. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯದ್ದು, ಸಿಡಿಲಿಗೆ ಮಾತ್ರ. ನಿಮ್ಮ ಸುತ್ತ 20 ಮತ್ತು 40 ಕಿ.ಮೀ. ಒಳಗೆ ಸಿಡಿಲು ಬೀಳುತ್ತಿದೆಯಾ ಎಂದು ತೋರಿಸುತ್ತದೆ. ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು ಕಡೆ ಬಯಲಲ್ಲಿ ಕುರಿ ಕಾಯುವವರಿಗೆ, ಹೊಲದಲ್ಲಿ ಇಡೀ ದಿನ ಇರುವವರಿಗೆ ಇದು ಬೇಕೇ ಬೇಕು. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಮೊದಲು ಬರುವುದು ಸಿಡಿಲು.

ಎರಡೂ ಆ್ಯಪ್‌ಗೆ ಲೊಕೇಶನ್ ಅನುಮತಿ ಕೊಡಬೇಕು. ಕೊಡದಿದ್ದರೆ ಅವು ಸುಮ್ನೆ ಕೂತಿರುತ್ತವೆ. ಬ್ಯಾಟರಿ ಉಳಿಸುವ ಸೆಟ್ಟಿಂಗ್ ಕೂಡ ಹಿನ್ನೆಲೆಯಲ್ಲಿರುವ ಆ್ಯಪ್‌ಗಳನ್ನು ಮಲಗಿಸುತ್ತದೆ. ಈ ಎರಡಕ್ಕೆ ಅದರಿಂದ ವಿನಾಯಿತಿ ಕೊಡಿ.

ಹಂತ 3: ನಂಬರ್‌ಗಳು ಹಾಳೆಯ ಮೇಲೆ ಇರಲಿ

ದಪ್ಪ ಅಕ್ಷರದಲ್ಲಿ ಬರೆದು ಅಡುಗೆಮನೆ ಬಾಗಿಲ ಹಿಂದೆ ಅಂಟಿಸಿ. ಫೋನ್ ಸತ್ತಾಗ ಕಾಂಟ್ಯಾಕ್ಟ್ ಲಿಸ್ಟ್ ಕೂಡ ಸತ್ತಿರುತ್ತದೆ.

112: ಎಲ್ಲಕ್ಕೂ, ಪೊಲೀಸ್, ಅಗ್ನಿಶಾಮಕ ಸೇರಿ.
108: ಆಂಬ್ಯುಲೆನ್ಸ್.
1077: ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ.
1070: ರಾಜ್ಯ ಮಟ್ಟದ ನಿಯಂತ್ರಣ ಕೊಠಡಿ.

ಇದರ ಕೆಳಗೆ ನಿಮ್ಮ ಗ್ರಾಮ ಆಡಳಿತ ಅಧಿಕಾರಿ (ಹಳಬರ ಬಾಯಲ್ಲಿ ಇನ್ನೂ ಗ್ರಾಮ ಲೆಕ್ಕಿಗರು, ಶಾನುಭೋಗರು), ಪಿಡಿಒ, ಬೀಟ್ ಪೊಲೀಸ್, ಬೆಸ್ಕಾಂ ಲೈನ್‌ಮ್ಯಾನ್ ಇವರ ನಂಬರ್ ಬರೆಯಿರಿ. ನಿಜ ಹೇಳಬೇಕೆಂದರೆ ರಾತ್ರಿ ಎರಡು ಗಂಟೆಗೆ ಮೊದಲು ಕೆಲಸಕ್ಕೆ ಬರುವುದು ಈ ನಾಲ್ಕು ನಂಬರ್.

1077ಕ್ಕೆ ಮಾಡಿದಾಗ ಮೊದಲ ಪ್ರಶ್ನೆ "ಇದು ಯಾವ ಜಿಲ್ಲೆ?" ಎಂದಿರಲಿ. ಗಡಿಯ ಊರಲ್ಲಿರುವವರಿಗೆ ಪಕ್ಕದ ಜಿಲ್ಲೆಗೆ ಹೋಗಿಬಿಡುವ ಸಾಧ್ಯತೆ ಇರುತ್ತದೆ. ಎಸ್‌ಟಿಡಿ ಕೋಡ್ ಸೇರಿಸಿ ಮಾಡುವುದು ಒಳ್ಳೆಯದು. ದಾವಣಗೆರೆಗೆ 08192, ಚಿತ್ರದುರ್ಗಕ್ಕೆ 08194.

ಹಂತ 4: ಸಂದೇಶ ಓದುವುದನ್ನು ಕಲಿಯಿರಿ

"ಅಲರ್ಟ್ ಕೊಟ್ಟರು, ಏನೂ ಆಗಲಿಲ್ಲ" ಎನ್ನುವ ದೂರು ಹೆಚ್ಚಾಗಿ ಹುಟ್ಟುವುದು ಇಲ್ಲೇ. ಒಂದು ಮಾದರಿ ನೋಡಿ:

"ಮುಂದಿನ 3 ಗಂಟೆಗಳಲ್ಲಿ ಚಿತ್ರದುರ್ಗ ಜಿಲ್ಲೆಯ ಒಂದೆರಡು ಕಡೆ ಗುಡುಗು ಸಹಿತ ಮಳೆ ಮತ್ತು ಗಂಟೆಗೆ 40-50 ಕಿ.ಮೀ. ವೇಗದ ಗಾಳಿ ಬೀಸುವ ಸಾಧ್ಯತೆ ಇದೆ."

ಇದರಲ್ಲಿ ಎಲ್ಲರ ಕಣ್ಣು 'ಚಿತ್ರದುರ್ಗ ಜಿಲ್ಲೆ' ಮತ್ತು 'ಮಳೆ' ಮೇಲೆ ಹೋಗುತ್ತದೆ. ಬೆರಳಿಟ್ಟು ಓದಬೇಕಾದ್ದು 'ಒಂದೆರಡು ಕಡೆ' ಎಂಬುದನ್ನು. ಹವಾಮಾನ ಇಲಾಖೆಗೆ ಇದು ಅಳತೆಯ ಮಾತು. ಮಳೆಮಾಪಕ ಕೇಂದ್ರಗಳಲ್ಲಿ ನೂರಕ್ಕೆ 25 ಅಥವಾ ಅದಕ್ಕಿಂತ ಕಡಿಮೆ ಕಡೆ ಮಳೆ ಆಗಬಹುದು ಎಂದಾಗ ಈ ಮಾತು ಬಳಸುತ್ತಾರೆ. 'ಕೆಲವು ಕಡೆ' ಎಂದರೆ 26ರಿಂದ 50. 'ಹಲವು ಕಡೆ' ಎಂದರೆ 51ರಿಂದ 75. 'ಬಹುತೇಕ ಎಲ್ಲ ಕಡೆ' ಎಂದರೆ ಅದಕ್ಕೂ ಮೇಲೆ. ಹಾಗಾಗಿ ಹೊಳಲ್ಕೆರೆಯಲ್ಲಿ ಮಳೆ ಸುರಿದು ಚಳ್ಳಕೆರೆಯಲ್ಲಿ ಧೂಳು ಎದ್ದರೂ ಮುನ್ಸೂಚನೆ ಸುಳ್ಳಾಗಲಿಲ್ಲ.

ಆಮೇಲೆ ಬಣ್ಣ. ಹಸಿರು ಎಂದರೆ ಎಚ್ಚರಿಕೆ ಏನೂ ಇಲ್ಲ. ಹಳದಿ ಎಂದರೆ ಗಮನ ಇಟ್ಟಿರಿ. ಕಿತ್ತಳೆ ಎಂದರೆ ತಯಾರಾಗಿ. ಕೆಂಪು ಎಂದರೆ ಈಗಲೇ ಕೆಲಸಕ್ಕಿಳಿಯಿರಿ. ಬಣ್ಣ ಬರೀ ಮಳೆಯ ಪ್ರಮಾಣ ನೋಡಿ ಕೊಡುವುದಲ್ಲ, ಆಗುವ ಸಾಧ್ಯತೆ ಮತ್ತು ಆದರೆ ಆಗುವ ಹಾನಿ ಎರಡನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ಮೂರನೆಯದು 'ಭಾರಿ ಮಳೆ'. ಇದಕ್ಕೂ ಲೆಕ್ಕ ಇದೆ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ, 115.6 ದಾಟಿದರೆ ಅತಿ ಭಾರಿ, 204.5 ದಾಟಿದರೆ ಅತ್ಯಂತ ಭಾರಿ. ಮಿ.ಮೀ. ಅಂದರೆ ತಲೆಗೆ ಹೋಗುವುದಿಲ್ಲ ಎನ್ನುವವರಿಗೆ ಒಂದು ಲೆಕ್ಕ. ಒಂದು ಚದರ ಮೀಟರಿನ ಮೇಲೆ ಒಂದು ಲೀಟರ್ ನೀರು ಬಿದ್ದರೆ ಅದು ಒಂದು ಮಿ.ಮೀ. ಮೂವತ್ತು ನಲವತ್ತರ ಸೈಟಿನ ಮೇಲೆ 64.5 ಮಿ.ಮೀ. ಬಿದ್ದರೆ 7,000 ಲೀಟರ್ ದಾಟುತ್ತದೆ. ಅಂದರೆ ಬಡಾವಣೆಯ ಪ್ರತಿ ಸೈಟಿಗೂ ಒಂದೊಂದು ಟ್ಯಾಂಕರ್ ನೀರು ಸುರಿದಂತೆ. ಅದೆಲ್ಲ ಒಂದೇ ಚರಂಡಿಯಲ್ಲಿ ಹೋಗಬೇಕು. ನಿಮ್ಮ ಬೀದಿ ಇಳಿಜಾರಿನ ಕೊನೆಯಲ್ಲಿದ್ದರೆ ಉಳಿದದ್ದನ್ನು ನಾನು ಹೇಳಬೇಕಾಗಿಲ್ಲ.

ಸಿಡಿಲಿಗೆ ಸಂದೇಶ ಬರುವವರೆಗೂ ಕಾಯಬೇಡಿ. ಮಿಂಚು ಕಂಡ ಮೇಲೆ ಎಣಿಸಿ. ಮೂವತ್ತರೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು ಹತ್ತು ಕಿ.ಮೀ. ಒಳಗಿದೆ. ಪಕ್ಕಾ ಕಟ್ಟಡದೊಳಗೆ ಹೋಗಿ. ಕೊನೆಯ ಗುಡುಗು ಕೇಳಿ ಮೂವತ್ತು ನಿಮಿಷ ಆಗುವವರೆಗೆ ಹೊರಗೆ ಬರಬೇಡಿ. ಹುಣಸೆ ಮರ, ಬೇವಿನ ಮರದ ಕೆಳಗೆ ನಿಲ್ಲುವುದಂತೂ ಬೇಡವೇ ಬೇಡ. ಮಳೆಯಿಂದ ತಲೆ ಉಳಿಸಿಕೊಳ್ಳಲು ಹೋಗಿ ಸಿಡಿಲಿಗೆ ತಲೆ ಕೊಟ್ಟಂತೆ.

ಹಂತ 5: ಹೊಳೆ ಪಕ್ಕದವರು ಮೇಲಿನ ಜಿಲ್ಲೆ ನೋಡಬೇಕು

ಹೊನ್ನಾಳಿ, ಹರಿಹರ ಕಡೆಯವರಿಗೆ ಇದು ಈ ಲೇಖನದಲ್ಲಿ ಎಲ್ಲಕ್ಕಿಂತ ಮುಖ್ಯ ಭಾಗ. ನಿಮ್ಮ ಊರಲ್ಲಿ ಬಿಸಿಲು ಕಾಯುತ್ತಿರುವಾಗಲೇ ತುಂಗಭದ್ರೆ ಏರಬಹುದು. ನೀರು ಬರುವುದು ಶೃಂಗೇರಿ, ತೀರ್ಥಹಳ್ಳಿ, ಚಿಕ್ಕಮಗಳೂರಿನ ಬೆಟ್ಟಗಳಿಂದ. ತುಂಗಾ, ಭದ್ರಾ ಎರಡೂ ಕೂಡಲಿಯಲ್ಲಿ ಸೇರಿ, ಹೊನ್ನಾಳಿ ದಾಟಿ ಹರಿಹರಕ್ಕೆ ಬರುತ್ತವೆ. ಆದ್ದರಿಂದ ನಿಮ್ಮ ಜಿಲ್ಲೆಗೆ ಹಸಿರು ಬಣ್ಣ ಇದ್ದು ಶಿವಮೊಗ್ಗಕ್ಕೆ ಕೆಂಪು ಇದ್ದರೆ, ನಿಮ್ಮ ಪಾಲಿಗೂ ಅದು ಕೆಂಪೇ.

ಎರಡು ಅಣೆಕಟ್ಟುಗಳ ಸ್ವಭಾವ ಬೇರೆ ಬೇರೆ. ಲಕ್ಕವಳ್ಳಿಯ ಭದ್ರಾ ದೊಡ್ಡದು. 71.5 ಟಿಎಂಸಿ ಹಿಡಿಯುತ್ತದೆ, ಪೂರ್ಣ ಮಟ್ಟ 186 ಅಡಿ. ಎಷ್ಟೋ ದಿನದ ಮಳೆಯನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳುತ್ತದೆ. ಗಾಜನೂರಿನ ತುಂಗಾ ಹಾಗಲ್ಲ. ಅದರ ಹೊಟ್ಟೆ 3.24 ಟಿಎಂಸಿ ಮಾತ್ರ. 50 ಸಾವಿರ ಕ್ಯೂಸೆಕ್ ಒಳಹರಿವು ಇದ್ದರೆ ಖಾಲಿ ಅಣೆಕಟ್ಟು ಕೂಡ ಸುಮಾರು 18 ಗಂಟೆಯಲ್ಲಿ ತುಂಬಿಬಿಡುತ್ತದೆ. ಆಮೇಲೆ ಬಂದಷ್ಟನ್ನೂ ಬಿಡಲೇಬೇಕು. ಹಾಗಾಗಿ ಜೂನ್, ಜುಲೈನಲ್ಲಿ ಮೊದಲು ಹೊಳೆ ಏರುವುದು ತುಂಗೆಯ ನೀರಿನಿಂದ. ಭದ್ರಾ ತುಂಬಿದ ಮೇಲೆ ಎರಡೂ ಒಟ್ಟಿಗೆ ಬಿಟ್ಟರೆ ಅದೇ ಕಷ್ಟದ ಹೊತ್ತು.

ಪದಗಳನ್ನು ಒಮ್ಮೆ ಬಿಡಿಸಿ ಹೇಳುತ್ತೇನೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಎರಡು ಬಿಂದಿಗೆ ಅನ್ನಿ. ಒಂದು ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಸುಮಾರು 11,500 ಕ್ಯೂಸೆಕ್ ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. 'ಒಳಹರಿವು' ಅಣೆಕಟ್ಟಿಗೆ ಬರುವುದು, 'ಹೊರಹರಿವು' ಬಿಡುವುದು. ನಿಮಗೆ ಬೇಕಾದ್ದು ಹೊರಹರಿವು. ಪೇಪರ್‌ನಲ್ಲಿ ಒಳಹರಿವಿನ ಅಂಕಿ ನೋಡಿ ಗಾಬರಿಯಾಗುವವರೂ ಇದ್ದಾರೆ, ಹೊರಹರಿವು ನೋಡದೆ ನೆಮ್ಮದಿಯಾಗಿ ಮಲಗುವವರೂ ಇದ್ದಾರೆ.

ಈಗ ಮಾಡಬೇಕಾದ್ದು. ಒಂದು ನೋಟ್‌ಬುಕ್ ಇಡಿ. ಹೊಳೆ ಏರಿದ ದಿನ ತುಂಗಾ, ಭದ್ರಾ ಹೊರಹರಿವು ಎಷ್ಟಿತ್ತು, ನಿಮ್ಮ ಊರಿನ ಘಾಟ್‌ನ ಎಷ್ಟನೇ ಮೆಟ್ಟಿಲವರೆಗೆ ನೀರು ಬಂತು, ಎಷ್ಟು ಗಂಟೆಗೆ ಬಂತು, ಇಷ್ಟೇ ಬರೆಯಿರಿ. ಎರಡು ಮಳೆಗಾಲ ಬರೆದರೆ "ಇಷ್ಟು ಬಿಟ್ಟರೆ ನಮ್ಮ ಬೀದಿಗೆ ಇಷ್ಟು ಹೊತ್ತಿಗೆ ನೀರು" ಎಂಬ ನಿಮ್ಮದೇ ಲೆಕ್ಕ ಸಿಗುತ್ತದೆ. ಹೊನ್ನಾಳಿಯ ಬಾಲರಾಜ್ ಘಾಟ್, ಹರಿಹರದ ಗಂಗಾನಗರದ ಹಿರಿಯರ ತಲೆಯಲ್ಲಿ ಈ ಲೆಕ್ಕ ಈಗಾಗಲೇ ಇದೆ. ಅವರನ್ನು ಕೇಳಿ ಬರೆದಿಟ್ಟುಕೊಳ್ಳಿ, ಮಕ್ಕಳಿಗೆ ಗೊತ್ತಿಲ್ಲ.

"ಯಾವುದೇ ಕ್ಷಣದಲ್ಲಿ ನದಿಗೆ ನೀರು ಬಿಡಲಾಗುವುದು, ನದಿಪಾತ್ರದ ಜನ ಎಚ್ಚರಿಕೆಯಿಂದಿರಬೇಕು" ಎಂಬ ಪ್ರಕಟಣೆ ಬಂತೆಂದರೆ ಮೊದಲು ದನಕರು ಮೇಲಕ್ಕೆ ಹೊಡೆಯಿರಿ. ಪಂಪ್‌ಸೆಟ್ ಮೋಟಾರ್ ಬಿಚ್ಚುವುದಿದ್ದರೆ ಅವತ್ತು ಹಗಲಲ್ಲೇ, ಕರೆಂಟ್ ತೆಗೆಸಿ ಬಿಚ್ಚಿ. ನೀರು ಏರುತ್ತಿರುವಾಗ ಟಾರ್ಚ್ ಹಿಡಿದು ಮೋಟಾರ್ ತರಲು ಇಳಿಯುವುದು ನಮ್ಮ ಕಡೆಯ ಅತಿ ದೊಡ್ಡ ತಪ್ಪು. ಮೋಟಾರ್ ಮತ್ತೆ ತರಬಹುದು. ಉಕ್ಕಡಗಾತ್ರಿ ಕಡೆಯ ರಸ್ತೆಯ ಮೇಲೆ ನೀರು ಹರಿಯುವಾಗ ಬೈಕ್ ನುಗ್ಗಿಸುವವರಿಗೂ ಇದೇ ಮಾತು.

ಚಿತ್ರದುರ್ಗದವರು "ನಮ್ಮದು ಬರದ ಜಿಲ್ಲೆ, ನಮಗೇಕೆ ಇದು" ಎನ್ನಬೇಡಿ. ವೇದಾವತಿಗೆ ಕಟ್ಟಿದ ವಾಣಿ ವಿಲಾಸ ಸಾಗರ, ನಮ್ಮ ಮಾರಿ ಕಣಿವೆ, 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಅಷ್ಟು ಕಾಲ ನೀರನ್ನೇ ಕಾಣದ ಹಳ್ಳದಲ್ಲಿ ಹೊಲ, ಶೆಡ್ಡು, ಮನೆ ಎದ್ದಿರುವುದು ಸಹಜ. ಹಿರಿಯೂರು ಕಡೆ ಮನೆ ಇರುವವರು ಕೋಡಿ ನೀರು ಹರಿಯುವ ದಾರಿ ಎಲ್ಲಿದೆ ಎಂದು ಒಮ್ಮೆ ನಡೆದು ನೋಡಿಕೊಂಡು ಬನ್ನಿ.

ಹಂತ 6: ಫೋನ್ ಇಲ್ಲದವರಿಗೆ ಯಾರು ಹೇಳುತ್ತಾರೆ?

ನಿಮ್ಮ ಬೀದಿಯಲ್ಲಿ ಇಂಥವರ ಪಟ್ಟಿ ಮಾಡಿ: ಒಬ್ಬರೇ ಇರುವ ವಯಸ್ಸಾದವರು, ಕಿವಿ ಕೇಳದವರು, ಹಾಸಿಗೆ ಹಿಡಿದವರು, ಬಾಣಂತಿಯರು, ಕೀಪ್ಯಾಡ್ ಫೋನ್ ಇದ್ದೂ ಮೆಸೇಜ್ ಓದಲು ಬರದವರು, ತೋಟದ ಮನೆಯವರು, ಇಟ್ಟಿಗೆ ಭಟ್ಟಿಯಲ್ಲೋ ಕಟ್ಟಡದಲ್ಲೋ ಕೆಲಸಕ್ಕೆ ಬಂದು ಶೆಡ್ ಹಾಕಿಕೊಂಡಿರುವ ಹೊರಗಿನವರು. ಕೊನೆಯವರನ್ನು ಎಲ್ಲರೂ ಮರೆಯುತ್ತಾರೆ. ಅವರಿಗೆ ಕನ್ನಡ ಬರದಿರಬಹುದು, ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವರಿರುವುದಿಲ್ಲ, ಹಳ್ಳದ ಪಕ್ಕದ ಜಾಗ ಕೊಟ್ಟಿರುವುದೂ ಅವರಿಗೇ.

ಪ್ರತಿ ಹೆಸರಿನ ಮುಂದೆ ಇಬ್ಬರ ಹೆಸರು ಬರೆಯಿರಿ. ಒಬ್ಬರು ಊರಲ್ಲಿಲ್ಲದಿದ್ದರೆ ಇನ್ನೊಬ್ಬರು. ಫೋನ್ ಮಾಡಿದರೆ ಸಾಲದು, ಬಾಗಿಲು ಬಡಿದು ಹೇಳಬೇಕು. "ಎಚ್ಚರಿಕೆಯಿಂದಿರಿ" ಎಂದು ಹೇಳಿ ಹೋದರೆ ಅವರೇನು ಮಾಡಬೇಕು? "ಅಜ್ಜಿ, ಗುಳಿಗೆ ಡಬ್ಬಿ ತಗೊಳ್ಳಿ, ಶಾಲೆಗೆ ಹೋಗೋಣ, ಆಟೋ ಬಂದಿದೆ" ಎಂದು ಹೇಳಿ.

ಊರಿನ ಮೈಕ್ ಬಗ್ಗೆ ಒಂದು ಮಾತು. ಒಂದು ಊರಲ್ಲಿ ಎಲ್ಲ ತಯಾರಿಯೂ ಇತ್ತು, ಬೇಕಾದ ರಾತ್ರಿ ಮೈಕ್‌ನ ಬ್ಯಾಟರಿ ಇಳಿದಿತ್ತು. ಗಣಪತಿ ಹಬ್ಬದ ಮೇಲೆ ಅದನ್ನು ಯಾರೂ ಚಾರ್ಜ್‌ಗೆ ಹಾಕಿರಲಿಲ್ಲ. ಪಂಚಾಯಿತಿಯವರನ್ನು ಮೂರೇ ಪ್ರಶ್ನೆ ಕೇಳಿ. ಮೈಕ್ ಎಲ್ಲಿದೆ? ಬೀಗದ ಕೈ ಯಾರ ಬಳಿ? ಕರೆಂಟ್ ಹೋದರೆ ಯಾವುದರಲ್ಲಿ ಓಡುತ್ತದೆ? ದೇವಸ್ಥಾನ, ಮಸೀದಿ, ಚರ್ಚಿನ ಮೈಕ್‌ಗಳನ್ನೂ ಬಳಸಬಹುದಾ ಎಂದು ಅಲ್ಲಿನ ಹಿರಿಯರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಜೊತೆಗೆ ಕಾಳಜಿ ಕೇಂದ್ರ ಯಾವ ಶಾಲೆಯಲ್ಲಿ ತೆರೆಯುತ್ತಾರೆ ಎಂದೂ ಕೇಳಿಡಿ. ಕಾಳಜಿ ಕೇಂದ್ರ ಎಂದರೆ ಮನೆ ಬಿಟ್ಟು ಬಂದವರಿಗೆ ಊಟ, ವಸತಿ ಕೊಡುವ ಸರ್ಕಾರಿ ಜಾಗ, ಮೊದಲು ಗಂಜಿ ಕೇಂದ್ರ ಎನ್ನುತ್ತಿದ್ದೆವಲ್ಲ, ಅದೇ.

ಕರೆಂಟೂ ಇಲ್ಲ, ಟವರೂ ಇಲ್ಲ ಎಂದಾದರೆ ಉಳಿಯುವುದು ರೇಡಿಯೋ. ಆಕಾಶವಾಣಿ ಚಿತ್ರದುರ್ಗ ಎಫ್‌ಎಂ 102.6, ಭದ್ರಾವತಿ 675 ಕಿಲೋಹರ್ಟ್ಸ್. ಶೆಲ್‌ಗಳನ್ನು ರೇಡಿಯೋದೊಳಗೇ ವರ್ಷಗಟ್ಟಲೆ ಬಿಡಬೇಡಿ, ಸೋರಿ ಹಾಳಾಗುತ್ತವೆ. ರಬ್ಬರ್ ಬ್ಯಾಂಡ್ ಹಾಕಿ ಪಕ್ಕದಲ್ಲಿ ಕಟ್ಟಿಡಿ.

ಹಂತ 7: ಸೈರನ್

2025ರ ಮೇ 7ರಂದು ದೇಶದ 244 ನಾಗರಿಕ ರಕ್ಷಣಾ ಜಿಲ್ಲೆಗಳಲ್ಲಿ ವೈಮಾನಿಕ ದಾಳಿಯಂಥ ಅಪಾಯಕ್ಕೆ ಅಣಕು ಕವಾಯತು ಮಾಡಲು ಕೇಂದ್ರ ಗೃಹ ಇಲಾಖೆ ಹೇಳಿತ್ತು. ನಮ್ಮ ರಾಜ್ಯದಿಂದ ಬೆಂಗಳೂರು, ಕಾರವಾರ, ರಾಯಚೂರು ಇದ್ದವು. ನಮ್ಮೆರಡು ಜಿಲ್ಲೆ ಇರಲಿಲ್ಲ. ಆದರೂ ಸೈರನ್ ಭಾಷೆ ಗೊತ್ತಿರಲಿ, ಕೆಲಸಕ್ಕೆ, ಓದಿಗೆ ಮಕ್ಕಳು ಬೆಂಗಳೂರಿನಲ್ಲೇ ಇರುತ್ತಾರಲ್ಲ.

ಏರಿ ಇಳಿದು, ಏರಿ ಇಳಿದು ಅಳುವಂತೆ ಎರಡು ನಿಮಿಷ ಕೂಗಿದರೆ ಅಪಾಯ ಬರುತ್ತಿದೆ ಎಂದರ್ಥ. ಒಂದೇ ಸಮನೆ ಎರಡು ನಿಮಿಷ ಊದಿದರೆ ಅಪಾಯ ಕಳೆದಿದೆ. ಮೊದಲನೆಯದು ಕೇಳಿದ ತಕ್ಷಣ ಹತ್ತಿರದ ಗಟ್ಟಿ ಕಟ್ಟಡದೊಳಗೆ ಹೋಗಿ, ಕಿಟಕಿ, ಗಾಜಿನಿಂದ ದೂರ ಕೂರಿ. ರಾತ್ರಿಯಾದರೆ ದೀಪ ಆರಿಸಿ, ಗ್ಯಾಸ್ ಬಂದ್ ಮಾಡಿ. ಟೆರೇಸ್ ಹತ್ತಿ ವಿಡಿಯೋ ತೆಗೆಯಬೇಡಿ. ಎರಡನೆಯದು ಕೇಳುವವರೆಗೆ ಹೊರಗೆ ಬರಬೇಡಿ.

ದಾವಣಗೆರೆಯ ಹಳಬರಿಗೆ ಸೈರನ್ ಎಂದರೆ ಕಾಟನ್ ಮಿಲ್ಲಿನ ಪಾಳಿ ಬದಲಾಗುವ ಸದ್ದು. ಅದು ಕೇಳಿದರೆ ಊಟದ ಡಬ್ಬಿ ನೆನಪಾಗುವುದು ಅವರ ತಪ್ಪಲ್ಲ. ಅವರಿಗೆ ಎರಡು ಸದ್ದಿನ ವ್ಯತ್ಯಾಸ ಬಾಯಲ್ಲೇ ಕೂಗಿ ತೋರಿಸಿ.

ಹಂತ 8: ಫಾರ್ವರ್ಡ್ ಒತ್ತುವ ಮೊದಲು

"ಡ್ಯಾಮ್ ಒಡೆದಿದೆ, ಎಲ್ಲರಿಗೂ ಕಳಿಸಿ" ಎಂಬ ಧ್ವನಿ ಸಂದೇಶ ಬಂತು ಅನ್ನಿ. ಅದರಲ್ಲಿ ಯಾವ ಅಣೆಕಟ್ಟು, ಯಾವ ದಿನಾಂಕ, ಹೇಳುತ್ತಿರುವವರು ಯಾರು ಎಂಬುದು ಇದೆಯಾ? ಇಲ್ಲದಿದ್ದರೆ 1077ಕ್ಕೆ ಮಾಡಿ ಕೇಳಿ. ಕಳೆದ ವರ್ಷದ ವಿಡಿಯೋ ಈ ವರ್ಷ ಓಡಾಡುವುದು ಮಾಮೂಲು. ವಿಪತ್ತಿನ ಬಗ್ಗೆ ಸುಳ್ಳು ಎಚ್ಚರಿಕೆ ಹಬ್ಬಿಸಿ ಜನರನ್ನು ಗಾಬರಿಪಡಿಸಿದರೆ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು ಅಥವಾ ದಂಡ.

ಎಸ್‌ಎಂಎಸ್ ಬಂದರೆ ಕಳಿಸಿದವರ ಹೆಸರಿನ ಕೊನೆ ನೋಡಿ. 2025ರಿಂದ ಸರ್ಕಾರಿ ಸಂದೇಶಗಳ ಹೆಸರಿನ ಕೊನೆಗೆ ಅಡ್ಡಗೆರೆ ಹಾಕಿ ಇಂಗ್ಲಿಷಿನ 'ಜಿ' ಅಕ್ಷರ ಇರುತ್ತದೆ. ಹತ್ತು ಅಂಕಿಯ ಮಾಮೂಲಿ ನಂಬರಿನಿಂದ ಬಂದ 'ಸರ್ಕಾರದ ಎಚ್ಚರಿಕೆ'ಯನ್ನು ನಂಬಬೇಡಿ. ಎಚ್ಚರಿಕೆ ಕೊಡುವವರು ಓಟಿಪಿ ಕೇಳುವುದಿಲ್ಲ, ಬ್ಯಾಂಕ್ ಖಾತೆ ಕೇಳುವುದಿಲ್ಲ.

ಹಂತ 9: ನೀವೇ ಎಚ್ಚರಿಕೆ ಕೊಡಬೇಕಾದಾಗ

ಮೇಲಿನಿಂದ ಕೆಳಗೆ ಬರುವುದಷ್ಟೇ ಎಚ್ಚರಿಕೆಯ ದಾರಿ ಎಂದುಕೊಳ್ಳಬೇಡಿ. ಕೆರೆ ಏರಿಯ ಮೇಲೆ ದಿನಾ ಓಡಾಡುವವರು ನೀವು. ಏರಿಯ ಹೊರಮೈಯಲ್ಲಿ ತಿಳಿ ನೀರು ಬಸಿಯುತ್ತಿದ್ದರೆ ಕಣ್ಣಿಟ್ಟಿರಿ. ಅದೇ ನೀರು ಕೆಂಪಗೆ, ಮಣ್ಣು ಕಲಸಿಕೊಂಡು ಬರತೊಡಗಿದರೆ ಏರಿ ಒಳಗಿಂದ ಕೊರೆಯುತ್ತಿದೆ ಎಂದರ್ಥ. ತಡಮಾಡದೆ ಕೆಳಗಿನ ಮನೆಗಳಿಗೆ ಹೇಳಿ, ಪಿಡಿಒಗೆ, 1077ಕ್ಕೆ ಫೋನ್ ಮಾಡಿ.

ಹೆದ್ದಾರಿ 48ರ ಪಕ್ಕದ ಊರಿನವರಿಗೆ ಇನ್ನೊಂದು. ಟ್ಯಾಂಕರ್ ಮಗುಚಿದರೆ ಹತ್ತಿರ ಹೋಗದೆ ದೂರದಿಂದಲೇ ಅದರ ಹಿಂದಿನ, ಪಕ್ಕದ ಫಲಕದ ನಾಲ್ಕು ಅಂಕಿ ಓದಿ. 1075 ಎಂದರೆ ಅಡುಗೆ ಅನಿಲ, 1203 ಎಂದರೆ ಪೆಟ್ರೋಲ್. 112ಕ್ಕೆ ಮಾಡಿ ಆ ಅಂಕಿ ಹೇಳಿದರೆ ಬರುವವರು ಸರಿಯಾದ ತಯಾರಿಯಲ್ಲಿ ಬರುತ್ತಾರೆ. ಗಾಳಿ ಎತ್ತಲಿಂದ ಬೀಸುತ್ತಿದೆಯೋ ಆ ಕಡೆಗೆ ಹೋಗಿ. ಹತ್ತಿರದಲ್ಲಿ ಬೈಕ್ ಸ್ಟಾರ್ಟ್ ಮಾಡಬೇಡಿ. ಕ್ಯಾನ್ ಹಿಡಿದು ಪೆಟ್ರೋಲ್ ತುಂಬಿಸಿಕೊಳ್ಳಲು ಓಡುವವರನ್ನು ತಡೆಯಿರಿ, ಬೈದರೂ ಪರವಾಗಿಲ್ಲ.

ಹಂತ 10: ಜಿಲ್ಲೆಯ ಯೋಜನೆ ಕೇಳಿ ಪಡೆಯಿರಿ

ಪ್ರತಿ ಜಿಲ್ಲೆಗೂ ವಿಪತ್ತು ನಿರ್ವಹಣಾ ಯೋಜನೆ ಇರಬೇಕು, ಪ್ರತಿ ವರ್ಷ ಅದನ್ನು ಪರಿಶೀಲಿಸಿ ಹೊಸದಾಗಿಸಬೇಕು ಎಂದು ಕಾಯ್ದೆಯ 31ನೇ ಕಲಂ ಹೇಳುತ್ತದೆ. ಜಿಲ್ಲಾಡಳಿತದ ವೆಬ್‌ಸೈಟ್ ನೋಡಿ. ಸಿಗದಿದ್ದರೆ ಜಿಲ್ಲಾಧಿಕಾರಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ಮೀರಬಾರದು. ಇದಕ್ಕೇ ಎಷ್ಟೋ ಅರ್ಜಿ ವಾಪಸ್ ಬರುತ್ತವೆ. ಕೇಳಬೇಕಾದ್ದು ಇಷ್ಟೇ: ನಮ್ಮ ಗ್ರಾಮ ಪಂಚಾಯಿತಿಗೆ ಎಚ್ಚರಿಕೆ ತಲುಪಿಸುವ ವ್ಯವಸ್ಥೆ ಏನು, ಹೊಣೆ ಯಾರದು, ಯೋಜನೆಯನ್ನು ಕೊನೆಯದಾಗಿ ಪರಿಷ್ಕರಿಸಿದ ದಿನಾಂಕ ಯಾವುದು.

ಉತ್ತರ ಬರುವವರೆಗೆ ಸುಮ್ನೆ ಕೂರಬೇಡಿ. ಒಂದು ಭಾನುವಾರ ಬೀದಿಯವರಿಗೆಲ್ಲ ಮೊದಲೇ ತಿಳಿಸಿ ಪರೀಕ್ಷೆ ಮಾಡಿ. ಬೆಳಿಗ್ಗೆ ಹತ್ತಕ್ಕೆ ಒಬ್ಬರಿಗೆ ಫೋನ್ ಮಾಡಿ "ಇದು ಪರೀಕ್ಷೆ" ಎಂದು ಹೇಳಿ. ಹಂತ 6ರ ಪಟ್ಟಿಯ ಕೊನೆಯ ಮನೆಯ ಬಾಗಿಲು ಬಡಿದಾಗ ಗಂಟೆ ಎಷ್ಟಾಗಿತ್ತು ಎಂದು ಬರೆದುಕೊಳ್ಳಿ. ಯಾವ ಮನೆ ಬಿಟ್ಟುಹೋಯಿತು ಎಂಬುದನ್ನೂ ಬರೆಯಿರಿ. ಮುಂದಿನ ತಿಂಗಳು ಆ ಮನೆಯಿಂದಲೇ ಶುರು ಮಾಡಿ.